ಮುಗಿಯದ 'ಬ್ಲೇಡ್ ರನ್ನರ್'

'ಬ್ಲೇಡ್ ರನ್ನರ್' ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಟ್ಟಿಲ್ಲ. ಆದರೆ ಅದರ ವರ್ಕ್‌ಪ್ರಿಂಟ್ ನೋಡಿದ್ದು ಮಾತ್ರ ತೀರಾ ತಡವಾಗಿ, 2007ರಲ್ಲಿ ಬಂದ ಐದು ಡಿಸ್ಕಿನ ಸೆಟ್‌ನಲ್ಲಿ. ವರ್ಕ್‌ಪ್ರಿಂಟ್ ಅಂದರೆ ಎಡಿಟಿಂಗ್ ನಡೆಯುತ್ತಿರುವಾಗ ಕೆಲಸಕ್ಕೆ ಅಂತ ಇಟ್ಟುಕೊಂಡ ಪ್ರತಿ. ಸಾರು ಕುದೀತಿದೆ, ಒಗ್ಗರಣೆ ಇನ್ನೂ ಬಿದ್ದಿಲ್ಲ ಅನ್ನೋ ಹಂತ.

ಇದೇ ಹಂತದ ಸಿನಿಮಾವನ್ನು 1982ರ ಮಾರ್ಚ್ ಮೊದಲ ವಾರ ಡೆನ್ವರ್ ಮತ್ತು ಡಲ್ಲಾಸ್‌ನಲ್ಲಿ ಜನರಿಗೆ ತೋರಿಸಿದರು. ಕತೆ ಅರ್ಥವಾಗ್ತಿಲ್ಲ, ಕೊನೆಯಲ್ಲಿ ಸಮಾಧಾನವಿಲ್ಲ ಎಂಬ ಪ್ರತಿಕ್ರಿಯೆ ಬಂತು. ದುಡ್ಡು ಹಾಕಿದವರಿಗೆ ದಿಗಿಲಾಯಿತು. ಹ್ಯಾರಿಸನ್ ಫೋರ್ಡ್ ಕೈಲಿ ಉದ್ದಕ್ಕೂ ಹಿನ್ನೆಲೆ ಮಾತು ಓದಿಸಿದರು. ಡೆಕಾರ್ಡ್ ಮತ್ತು ರೇಚಲ್ ಬೆಟ್ಟಗುಡ್ಡಗಳ ನಡುವೆ ಕಾರಿನಲ್ಲಿ ಹೋಗುವ ಸುಖಾಂತ್ಯ ಅಂಟಿಸಿದರು. ಆ ಬೆಟ್ಟಗಳ ದೃಶ್ಯವೂ ಸ್ವಂತದ್ದಲ್ಲ, ಕುಬ್ರಿಕ್ 'ದಿ ಶೈನಿಂಗ್'ಗೆ ತೆಗೆದು ಬಳಸದೆ ಬಿಟ್ಟಿದ್ದ ರೀಲು! ಇಷ್ಟೆಲ್ಲ ಮಾಡಿ ಜೂನ್ 25ಕ್ಕೆ ಬಿಡುಗಡೆ ಮಾಡಿದರೂ ಸಿನಿಮಾ ಓಡಲಿಲ್ಲ. ಎರಡು ವಾರ ಮುಂಚೆ 'ಇ.ಟಿ.' ಬಂದು ಕೂತಿತ್ತು.

ವರ್ಕ್‌ಪ್ರಿಂಟ್ ಗೋದಾಮು ಸೇರಿತು. ಎಂಟು ವರ್ಷ ಕಳೆದು, 1990ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಫೇರ್‌ಫ್ಯಾಕ್ಸ್ ಥಿಯೇಟರ್‌ನವರು 70 ಎಂಎಂ ಪ್ರಿಂಟ್ ಕೇಳಿದಾಗ ಅವರ ಕೈಗೆ ಬಂದದ್ದು ಇದು. ಮಾಮೂಲಿ ಪ್ರಿಂಟ್ ಅಂದುಕೊಂಡೇ ಹಾಕಿದರು. ಫೋರ್ಡ್ ದನಿಯನ್ನು ಬಾಯಿಪಾಠ ಮಾಡಿಕೊಂಡಿದ್ದ ಅಭಿಮಾನಿಗಳ ಮುಂದೆ ಅವತ್ತು ದನಿಯೇ ಇಲ್ಲದ ಸಿನಿಮಾ! ಮರುವರ್ಷ ಇನ್ನೆರಡು ಥಿಯೇಟರ್‌ಗಳಲ್ಲಿ ಹಾಕಿದಾಗ ಜನ ಮುಗಿಬಿದ್ದರು. ಸ್ಟುಡಿಯೋ ಇದನ್ನು ನಿರ್ದೇಶಕನ ಆವೃತ್ತಿ ಅಂತ ಮಾರಲು ಹೊರಟರೆ, ರಿಡ್ಲಿ ಸ್ಕಾಟ್ 'ಇದು ನಂದಲ್ಲ' ಅಂದರು. ಆ ಜಗಳದಿಂದ ಹುಟ್ಟಿದ್ದೇ 1992ರ 'ಡೈರೆಕ್ಟರ್ಸ್ ಕಟ್'. ಪರೀಕ್ಷೆಯಲ್ಲಿ ಫೇಲಾದ ಪ್ರತಿಯೇ ಸಿನಿಮಾಕ್ಕೆ ಎರಡನೇ ಜನ್ಮ ಕೊಟ್ಟಿತು.

ಸರಿ, ನೋಡೋಕೆ ಹೇಗಿದೆ? ಬಣ್ಣ ಮಾಸಿದೆ. ರೆಪ್ಲಿಕಂಟ್ ಅಂದರೇನು ಅಂತ ಒಂದು ನಿಘಂಟಿನ ವಿವರಣೆಯಿಂದ ಶುರುವಾಗುತ್ತೆ. ಕೊನೆಯ ಕಾದಾಟಕ್ಕೆ ವಾಂಗೆಲಿಸ್ ಸಂಗೀತ ಇನ್ನೂ ಬಂದಿಲ್ಲ, ಬೇರೆ ಸಿನಿಮಾಗಳದ್ದು ತಂದು ಹಾಕಿದ್ದಾರೆ. ಪರಿಚಿತ ಮನೆಗೆ ಹೋದಾಗ ಯಾರೋ ಅಪರಿಚಿತರು ಬಾಗಿಲು ತೆಗೆದ ಹಾಗಾಯಿತು. ಆದರೆ ಮಾತು ಹೋದ ಜಾಗದಲ್ಲಿ ಮಳೆ ಕೇಳಿಸುತ್ತೆ. ಡೆಕಾರ್ಡ್ ಸುಮ್ಮನೆ ಕೂತಾಗ ಅವನು ಏನು ಯೋಚಿಸ್ತಿದ್ದಾನೆ ಅಂತ ನಾವೇ ಊಹಿಸಬೇಕು. ಇವನೂ ರೆಪ್ಲಿಕಂಟ್ ಇರಬಹುದಾ ಅನ್ನೋ ಅನುಮಾನಕ್ಕೆ ಜಾಗ ಸಿಗೋದೇ ಅಲ್ಲಿ.

ಸ್ಟುಡಿಯೋ ವಿಲನ್, ನಿರ್ದೇಶಕ ಹೀರೋ ಅಂತ ಕತೆ ಹೇಳೋದು ಸುಲಭ. ವರ್ಕ್‌ಪ್ರಿಂಟ್ ಅದಕ್ಕೆ ಪೂರ್ತಿ ಒಗ್ಗಲ್ಲ. ರಾಯ್ ಬ್ಯಾಟಿ ಸಾಯುವಾಗ ಇದರಲ್ಲೂ ಹಿನ್ನೆಲೆ ಮಾತಿದೆ, ಬೇರೆಯದೇ ಸಾಲುಗಳು. ಹಿನ್ನೆಲೆ ಮಾತು ಸ್ಕ್ರಿಪ್ಟ್‌ನ ಹಳೆಯ ಕರಡುಗಳಲ್ಲೂ ಇತ್ತು. ಅಂದರೆ ಪ್ರೇಕ್ಷಕರಿಗೆ ಅರ್ಥವಾಗದೇ ಹೋದರೆ ಅನ್ನೋ ಭಯ ಸ್ಟುಡಿಯೋದವರಿಗಷ್ಟೇ ಇರಲಿಲ್ಲ. ಬ್ಯಾಟಿ ತಲೆ ತಗ್ಗಿಸಿದ ಮೇಲೆ ಒಂದೇ ಒಂದು ಮಾತೂ ನನಗೆ ಬೇಡ. ಆ ಮೌನದಲ್ಲಿ ನಂಬಿಕೆಯಿಡಲು ಸ್ಕಾಟ್‌ಗೂ ಇನ್ನೂ ಹತ್ತು ವರ್ಷ ಬೇಕಾಯಿತು.

ಮೂಲ ಕಾದಂಬರಿ ಬರೆದ ಫಿಲಿಪ್ ಕೆ. ಡಿಕ್ ಇದ್ಯಾವುದನ್ನೂ ನೋಡಲಿಲ್ಲ. ಮೊದಮೊದಲು ಸ್ಕ್ರಿಪ್ಟ್ ಬಗ್ಗೆ ಸಿಟ್ಟಾಗಿದ್ದವರನ್ನು 1981ರ ಕೊನೆಯಲ್ಲಿ ಕರೆಸಿ, ಸ್ಪೆಷಲ್ ಎಫೆಕ್ಟ್ಸ್ ದೃಶ್ಯಗಳ ಸುಮಾರು 20 ನಿಮಿಷದ ರೀಲು ತೋರಿಸಿದ್ದರು. ಅಷ್ಟಕ್ಕೇ ಖುಷಿಯಾಗಿ ಹೋಗಿದ್ದರು. 1982ರ ಮಾರ್ಚ್ 2ರಂದು ತೀರಿಕೊಂಡರು. ಡೆನ್ವರ್ ಪ್ರದರ್ಶನಕ್ಕೆ ಇನ್ನು ಮೂರು ದಿನ ಇತ್ತು.