ರೂಪಾಯಿ ಕರಗಿಸಿದ ಕೈಗಳು: ಮಲಪ್ರಭೆಯ ಸೀಮೆಯ ಬೆಳ್ಳಿ ಕೆಲಸ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆ ಬೆಳ್ಳಿಯ ಗಣಿಯಿಲ್ಲ. ಆದರೂ ಇಲ್ಲಿಯ ಒಕ್ಕಲು ಮನೆಗಳಲ್ಲಿ ಹೆಂಗಸರ ಕಾಲಿಗೆ ರೂಳಿ, ಕಾಲ್ಬೆರಳಿಗೆ ಪಿಲ್ಲಿ, ತೋಳಿಗೆ ವಂಕಿ, ಗಂಡಸರ ನಡುವಿಗೆ ಉಡದಾರ, ಕೊರಳಿಗೆ ಲಿಂಗದ ಕರಡಿಗೆ, ಹೀಗೆ ಬೆಳ್ಳಿಗೆ ಬರವಿರಲಿಲ್ಲ. ಅದು ಬಂದದ್ದು ಹೆಚ್ಚಾಗಿ ಹೊಲದ ಬೆಳೆಯ ಬೆಲೆಯಾಗಿ, ನಾಣ್ಯದ ರೂಪದಲ್ಲಿ. ಹಾಗಾಗಿ ಪತ್ತಾರರ, ಅಂದರೆ ಇಲ್ಲಿಯ ಅಕ್ಕಸಾಲಿಗರ, ಕಸುಬಿನ ಚರಿತ್ರೆ ಹೇಳಹೊರಟವರು ಮೊದಲು ರೂಪಾಯಿಯ ಕಥೆ ಹೇಳಬೇಕಾಗುತ್ತದೆ.

ಕಿತ್ತೂರು ಸಂಸ್ಥಾನದ ಕಾಲಕ್ಕೆ ಈ ಭಾಗದಲ್ಲಿ ಒಂದೇ ರೂಪಾಯಿ ಎಂಬುದಿರಲಿಲ್ಲ. ಬಾಗಲಕೋಟೆಯ ಟಂಕಸಾಲೆಯ ಮಲ್ಹಾರಶಾಹಿಯೂ ಸೇರಿದಂತೆ ಬೇರೆ ಬೇರೆ ಊರಿನ ನಾಣ್ಯಗಳು ಒಟ್ಟಿಗೇ ಓಡಾಡುತ್ತಿದ್ದವು. ಒಂದೊಂದರ ಬೆಳ್ಳಿಯೂ ಒಂದೊಂದು ತರ. 1824ರಲ್ಲಿ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಖಜಾನೆಗೆ ಕಾವಲು ಹಾಕಿ, ಅಕ್ಟೋಬರ್ 23ರ ಕಾಳಗದಲ್ಲಿ ಜೀವ ಕಳೆದುಕೊಂಡದ್ದು ಎಲ್ಲರಿಗೂ ಗೊತ್ತು. ಪತ್ತಾರರ ಮಟ್ಟಿಗೆ ದೊಡ್ಡ ಬದಲಾವಣೆ ಬಂದದ್ದು ಹನ್ನೊಂದು ವರ್ಷದ ನಂತರ. 1835ರಲ್ಲಿ ಕಂಪನಿ ಸರ್ಕಾರ ತನ್ನ ಮುಲ್ಕಿಗೆಲ್ಲ ಒಂದೇ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ, ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ.

ಇದರಿಂದ ಆದ ಅನುಕೂಲ ಸಣ್ಣದಲ್ಲ. ರೈತ ಇಪ್ಪತ್ತು ರೂಪಾಯಿ ತಂದು ಪತ್ತಾರನ ಮುಂದೆ ಎಣಿಸಿಟ್ಟರೆ ಇಪ್ಪತ್ತು ತೊಲ ಬೆಳ್ಳಿ ಕೊಟ್ಟ ಹಾಗೆ. ತಕ್ಕಡಿ ಬೇಡ, ಒರೆಗಲ್ಲು ಬೇಡ. ಮೂಸೆಯಲ್ಲಿ ನಾಣ್ಯದ ಮೇಲಿನ ವಿಕ್ಟೋರಿಯಾ ರಾಣಿಯ ಮುಖ ಕರಗುವುದನ್ನು ಗಿರಾಕಿ ಎದುರಿಗೇ ಕೂತು ನೋಡಬಹುದಿತ್ತು. ಒಡವೆ ಕೈಗೆ ಬಂದಾಗ ತೂಗಿ ನೋಡಿ, ಸವಕಳಿ ಕಳೆದು, ಮಜೂರಿ ಕೊಟ್ಟು ಹೋಗುತ್ತಿದ್ದ. ತುಪ್ಪದ ಗಡಿಗೆಯಲ್ಲಿ ಹೂತಿಡುವ ಹಣವನ್ನು ಹೆಂಡತಿಯ ಕಾಲಿಗೆ ಹಾಕಿದ, ಅಷ್ಟೇ. ಚಿನ್ನ ಲಕ್ಷ್ಮಿ, ನಡುವಿನಿಂದ ಕೆಳಗೆ ಧರಿಸಬಾರದು ಎಂಬ ನಂಬಿಕೆಯೂ ಬೆಳ್ಳಿಯ ಕೆಲಸವನ್ನು ಬೆಳೆಸಿತು.

1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಲ್ಯಾಂಕಶೈರ್ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಗಿ, ಧಾರವಾಡ, ಬೆಳಗಾವಿ ಸೀಮೆಯ ಕಪ್ಪುಮಣ್ಣಿನ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಎತ್ತಿನ ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋದವು, ಬೆಳ್ಳಿ ಘಟ್ಟ ಹತ್ತಿ ಬಂತು. ಅದೇ ಯುದ್ಧದ ನಡುವೆ, 1863–64ರಲ್ಲಿ, ಅಮೆರಿಕದ ನೈರುತ್ಯ ಮೂಲೆಯ ಮೂಲನಿವಾಸಿಗಳಾದ ನವಾಹೋ ಜನರ ಬೆಳೆ, ಕುರಿಗಳನ್ನು ಸೈನ್ಯ ನಾಶಮಾಡಿ, ಸಾವಿರಾರು ಜನರನ್ನು ನಡೆಸಿಕೊಂಡು ಹೋಗಿ ಬೋಸ್ಕ್ ರೆಡಾಂಡೊ ಎಂಬಲ್ಲಿ ಕೂಡಿಹಾಕಿತು. 1868ರಲ್ಲಿ ಮರಳಿ ಬಂದ ಮೇಲೆ ಅವರಲ್ಲಿ ಬೆಳ್ಳಿ ಕೆಲಸ ಹಬ್ಬಿತು. ಮೊದಲ ಗುರುವೆಂದು ಹೆಸರಾದ ಅತ್ಸಿದಿ ಸಾನಿ ಮೂಲತಃ ಕಮ್ಮಾರ. ಅವರೂ ಕರಗಿಸಿದ್ದು ನಾಣ್ಯವನ್ನೇ, ಅಮೆರಿಕದ ಡಾಲರು ಮತ್ತು ಮೆಕ್ಸಿಕೋದ ಪೆಸೊ. ನೀಲಿ ಫಿರೋಜಾ ಹರಳು ಕೂರಿಸಿದ ನವಾಹೋ ಉಂಗುರ ಇಂದು ಲೋಕಪ್ರಸಿದ್ಧ. ಅಲ್ಲಿ ಬೆಳ್ಳಿಗೆ ಆ ಹರಳು ಕೂಡಿಬಂದದ್ದು 1870ರ ದಶಕದ ಕೊನೆಗೆ. ಒಂದೇ ಯುದ್ಧದ ಕಾಲಕ್ಕೆ ಒಂದು ಕಡೆ ಹತ್ತಿಯ ದುಡ್ಡು ಉಕ್ಕಿತು, ಇನ್ನೊಂದು ಕಡೆ ಮನೆಮಾರು ಹೋಯಿತು.

ಉಕ್ಕಿದ್ದು ಇಳಿಯಲು ತಡವಾಗಲಿಲ್ಲ. 1876–78ರ ಬರ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಹಿಂಡಿತು. ಕಾಲಿನ ರೂಳಿ ಕಳಚಿ ಜೋಳಕ್ಕೆ ಹೋಯಿತು. ಆ ವರ್ಷಗಳಲ್ಲಿ ಮುಂಬೈ ಟಂಕಸಾಲೆಗೆ ರಾಶಿ ರಾಶಿ ಒಡವೆ ಬಂದು ಮತ್ತೆ ರೂಪಾಯಿಯಾಯಿತು. ಯಾರೇ ಬೆಳ್ಳಿ ಒಯ್ದರೂ ನಾಣ್ಯ ಹೊಡೆದು ಕೊಡುವ ಪದ್ಧತಿ ಆಗ ಇದ್ದುದರಿಂದ ಒಡವೆಯ ಬೆಲೆ ತೀರಾ ಕುಸಿಯಲಿಲ್ಲ. 1893ರ ಜೂನ್‌ನಲ್ಲಿ ಸರ್ಕಾರ ಆ ಬಾಗಿಲು ಮುಚ್ಚಿತು. ನಾಲ್ಕೇ ವರ್ಷದಲ್ಲಿ ಮತ್ತೆ ಬರ. ಈ ಸಲ ಒಂದು ತೊಲ ಒಡವೆಗೆ ಮುಕ್ಕಾಲು ರೂಪಾಯಿಯೂ ಹುಟ್ಟಲಿಲ್ಲ. ರೈತನ ಉಳಿತಾಯದ ಮೇಲೆ ಬಿದ್ದ ಈ ಪೆಟ್ಟಿನ ಬಗ್ಗೆ ನಮ್ಮ ಇತಿಹಾಸಕಾರರು ಬರೆದದ್ದು ಕಡಿಮೆಯೇ ಎಂದು ನನಗೆ ಅನಿಸುತ್ತದೆ. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ಕ್ಕೆ ಪೂರಾ ನಿಕ್ಕಲ್. ಅಲ್ಲಿಗೆ ನಾಣ್ಯಕ್ಕೂ ಮೂಸೆಗೂ ಇದ್ದ ನಂಟು ಹರಿಯಿತು. ಇನ್ನು ಗಟ್ಟಿಬೆಳ್ಳಿ ಪೇಟೆಯಿಂದ ಬರಬೇಕು, ಅದರ ಶುದ್ಧತೆಗೆ ಅಂಗಡಿಯವನ ಮಾತೇ ಸಾಕ್ಷಿ. ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್ ಜಾತ್ರೆಯ ಅಂಗಡಿಗಳನ್ನು ತುಂಬಿತು.

ಇಷ್ಟೆಲ್ಲ ಏರಿಳಿತದಲ್ಲೂ ಕೈಕೆಲಸ ಉಳಿದದ್ದು ಎರಡು ಆಸರೆಗಳಿಂದ. ಒಂದು ಲಿಂಗದ ಕರಡಿಗೆ. ಚೌಕ ಮತ್ತು ಗುಂಡಗಡಗಿ ಇದರ ಹೆಸರಾಂತ ರೂಪಗಳು. ಗುಂಡಗಡಗಿಗೆ ತಗಡನ್ನು ಬಿಲ್ಲೆಯಾಗಿ ಕತ್ತರಿಸಿ, ತಗ್ಗಾದ ಅಚ್ಚಿನ ಮೇಲಿಟ್ಟು ಮೆಲ್ಲಗೆ ಬಡಿಯುತ್ತ ಬಟ್ಟಲು ಮಾಡಬೇಕು. ಬಡಿದಷ್ಟೂ ಬೆಳ್ಳಿ ಗಡುಸಾಗುತ್ತದೆ, ಹಾಗೇ ಬಡಿಯುತ್ತ ಹೋದರೆ ಬಿರಿಯುತ್ತದೆ. ಆದ್ದರಿಂದ ನಡುನಡುವೆ ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಬಡಿಯಬೇಕು. ಶಿವದಾರ ಪೋಣಿಸುವ ಕೊಂಡಿಗಳನ್ನು ಬಿಳಿಗಾರ ಹಚ್ಚಿ, ಊದುಗೊಳವೆಯ ಉರಿಯಲ್ಲಿ ಬೆಸೆಯಬೇಕು. ಉರಿ ಒಂದು ಕ್ಷಣ ಹೆಚ್ಚಾದರೆ ಕೊಂಡಿಯ ಜೊತೆಗೆ ಬಟ್ಟಲೂ ಕುಸಿಯುತ್ತದೆ. ಆಮೇಲೆ ಹುಣಸೆಹಣ್ಣಿನ ನೀರಲ್ಲಿ ಕುದಿಸಿ, ಅಂಟುವಾಳದ ನೊರೆಯಲ್ಲಿ ಉಜ್ಜಿದರೆ ಬಿಳುಪು ಬರುತ್ತದೆ. ನಿಜವಾದ ಪರೀಕ್ಷೆ ಮುಚ್ಚಳದ್ದು. ದಿನಾ ಪೂಜೆಯ ಹೊತ್ತಿಗೆ ಸಲೀಸಾಗಿ ತೆರೆಯಬೇಕು, ನೇಗಿಲ ಹಿಂದೆ ಬಗ್ಗಿ ನಡೆವಾಗ ತಾನಾಗಿ ತೆರೆಯಕೂಡದು. ಅಂಥ ಮುಚ್ಚಳ ಕೂರಿಸುವವನೇ ಪತ್ತಾರ.

ಎರಡನೆಯದು ಸವದತ್ತಿಯ ಎಲ್ಲಮ್ಮನ ಗುಡ್ಡ. ಕಣ್ಣುಬೇನೆಗೆ ಬೆಳ್ಳಿ ಕಣ್ಣು, ಮಕ್ಕಳಾದರೆ ಬೆಳ್ಳಿ ತೊಟ್ಟಿಲು, ಹೀಗೆ ಹರಕೆಯ ಕೆಲಸ ನಿಲ್ಲುವುದೇ ಇಲ್ಲ. ಜೋಗತಿಯರು ಹೊರುವ ಕೊಡ, ಜಗಗಳ ಮೇಲಿನ ಅಮ್ಮನ ಮುಖವನ್ನೂ ಲೋಹದಲ್ಲೇ ಮಾಡಿಸುತ್ತಾರೆ. ಹರಕೆಯ ಕಣ್ಣು ಮಾತ್ರ ಈಗ ತೆಳು ತಗಡಿನಲ್ಲಿ ಅಚ್ಚೊತ್ತಿ ಬರುವ ಸರಕು. ಅದರಲ್ಲಿ ಕುಶಲತೆ ಹುಡುಕುವುದು ವ್ಯರ್ಥ.

ಹರಳಿನ ಉಂಗುರ ಇಲ್ಲಿ ಪ್ರತ್ಯೇಕ ಪಂಥವಾಗಿ ಬೆಳೆಯಲಿಲ್ಲ. ಜ್ಯೋತಿಷಿ ಹೇಳಿದರೆ ಮುತ್ತನ್ನು ಬೆಳ್ಳಿಯಲ್ಲಿ ಕಟ್ಟಿಸುತ್ತಾರೆ. ಮುಸಲ್ಮಾನ ಗಂಡಸರಿಗೆ ಚಿನ್ನ ವರ್ಜ್ಯವಾದ್ದರಿಂದ ಬೆಳ್ಳಿಯಲ್ಲಿ ಅಕೀಕ್, ಫಿರೋಜಾ ತೊಡುತ್ತಾರೆ. ಫಿರೋಜಾಕ್ಕೆ ಹಿಂದಿನಿಂದಲೂ ಹೆಸರುವಾಸಿ ಇರಾನಿನ ನಿಶಾಪುರ. ಅಗ್ಗದಲ್ಲಿ ಸಿಗುವ ನೀಲಿ ಹರಳಿನಲ್ಲಿ ಬಣ್ಣ ಹಾಕಿದ ಹೌಲೈಟ್ ಕಲ್ಲು ಬಹಳ, ಕೊಳ್ಳುವವರು ಹುಷಾರಾಗಿರಬೇಕು. ನವಾಹೋ ರುಚಿಗೆ ಹತ್ತಿರದವರು ಯಾರಾದರೂ ಇದ್ದರೆ ತಾಂಡಾಗಳ ಲಂಬಾಣಿ ಹೆಂಗಸರು. ಅವರು ನಾಣ್ಯವನ್ನು ಕರಗಿಸದೆ ಹಾಗೆಯೇ ಸರಕ್ಕೆ ಪೋಣಿಸಿಕೊಂಡರು.

1963ರ ಚಿನ್ನ ನಿಯಂತ್ರಣ ಹದಿನಾಲ್ಕು ಕ್ಯಾರೆಟ್‌ಗಿಂತ ಹೆಚ್ಚಿನ ಹೊಸ ಒಡವೆ ಮಾಡುವುದನ್ನು ತಡೆದು, ದೇಶದ ಉದ್ದಕ್ಕೂ ಅಕ್ಕಸಾಲಿಗರ ಅನ್ನ ಕಸಿಯಿತು. ಬೆಳ್ಳಿಗೆ ಆ ಕಟ್ಟು ಇರಲಿಲ್ಲ. ಬೆಳ್ಳಿಯ ಕೈಕೆಲಸಕ್ಕೆ ಪೈಪೋಟಿ ಬಂದದ್ದು ಯಂತ್ರದಿಂದ. ಕಾಲ್ಗೆಜ್ಜೆಗೆ ಕೊಲ್ಹಾಪುರ ಜಿಲ್ಲೆಯ ಹುಪರಿ, ತಮಿಳುನಾಡಿನ ಸೇಲಂ, ಆಗ್ರಾ ದೊಡ್ಡ ಕೇಂದ್ರಗಳಾದವು. ಹುಪರಿಯಂತೂ ನಮ್ಮ ಗಡಿಯ ಪಕ್ಕದಲ್ಲೇ ಇದೆ. ಊರ ಪತ್ತಾರನಿಗೆ ದುರಸ್ತಿ, ಬೆಸುಗೆ, ಅಳತೆ ಸರಿಮಾಡುವ ಕೆಲಸ ಹೆಚ್ಚಾಯಿತು.

2025ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿ ದಾಟಿತು. ಇಂಥ ಬೆಲೆಗೆ ಅಜ್ಜಿಯ ರೂಳಿ ಮೊದಲು ಹೋಗುವುದು ಕರಗಿಸುವವನ ಬಳಿಗೆ. ಅದೇ ವರ್ಷ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರು ಅಕ್ಷರ–ಅಂಕಿಗಳ ಹಾಲ್‌ಮಾರ್ಕ್ ಗುರುತು ಬಂದಿದೆ, ಸದ್ಯಕ್ಕೆ ಕಡ್ಡಾಯವಲ್ಲ. ಆ ಗುರುತಿನಿಂದ ಶುದ್ಧತೆ ತಿಳಿಯುತ್ತದೆ, ಮಾರಿದವರು ತಿಳಿಯುತ್ತಾರೆ, ಮಾಡಿದ ಕೈ ಯಾರದೆಂದು ತಿಳಿಯುವುದಿಲ್ಲ. ನವಾಹೋ ಕುಶಲಕರ್ಮಿಗಳು ಕಳೆದ ಶತಮಾನದಲ್ಲೇ ಉಂಗುರದ ಒಳಮೈಗೆ ತಮ್ಮ ಸ್ವಂತ ಮುದ್ರೆ ಒತ್ತತೊಡಗಿದರು. ನಕಲನ್ನು ಮೂಲನಿವಾಸಿಗಳ ಕೆಲಸವೆಂದು ಮಾರುವವರನ್ನು ಹಿಡಿಯಲು ಅಲ್ಲಿ 1935ರ ಮತ್ತು 1990ರ ಕಾಯ್ದೆಗಳಿವೆ. ಗುಂಡಗಡಗಿಯ ತಳಕ್ಕೂ ಮಾಡಿದವರ ಅಂಥದೊಂದು ಮುದ್ರೆ ಒತ್ತಲು ಯಾರ ಅಪ್ಪಣೆಯೂ ಬೇಕಿಲ್ಲ, ಒಂದು ಉಕ್ಕಿನ ಅಚ್ಚು ಸಾಕು.