ಹಲ್ಲಿನ ಬೇರನ್ನು ತೊಳೆದ ನೀರು

ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಬೇರಿನ ನಾಳ ತೊಳೆಯಲು ಇಂದು ಹೆಚ್ಚಾಗಿ ಬಳಸುವ ಸೋಡಿಯಂ ಹೈಪೋಕ್ಲೋರೈಟ್ ದಂತವೈದ್ಯರ ಕೈ ಸೇರಿದ್ದು ಯುದ್ಧಭೂಮಿಯ ಆಸ್ಪತ್ರೆಗಳ ದಾರಿಯಿಂದ. ಬಟ್ಟೆ ಬಿಳುಪು ಮಾಡುವ ಈ ರಾಸಾಯನಿಕವನ್ನು 1915ರಲ್ಲಿ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಹೆನ್ರಿ ಡೇಕಿನ್ ಸುಮಾರು ಶೇ. 0.5ಕ್ಕೆ ತೆಳುಮಾಡಿ, ಗಾಯ ಸಹಿಸುವಷ್ಟು ಸೌಮ್ಯಗೊಳಿಸಿದರು. ಫ್ರಾನ್ಸಿನ ಕಾಂಪಿಯೇನ್‌ನಲ್ಲಿ ಶಸ್ತ್ರವೈದ್ಯ ಅಲೆಕ್ಸಿ ಕ್ಯಾರೆಲ್ ಸೈನಿಕರ ಕೊಳೆತ ಗಾಯಗಳೊಳಕ್ಕೆ ರಬ್ಬರ್ ನಳಿಗೆ ಇಳಿಸಿ, ಎರಡು ಗಂಟೆಗೊಮ್ಮೆ ಈ ದ್ರಾವಣವನ್ನು ಹರಿಸುತ್ತಿದ್ದರು. ಸತ್ತ ಮಾಂಸ ಕರಗುತ್ತಿತ್ತು, ರೋಗಾಣು ಸಾಯುತ್ತಿದ್ದವು.

ಹಲ್ಲುಗಳಿಗೆ ಅದು ಕೆಟ್ಟ ಕಾಲ. 1910ರಲ್ಲಿ ಮಾಂಟ್ರಿಯಲ್‌ನಲ್ಲಿ ಬ್ರಿಟಿಷ್ ವೈದ್ಯ ವಿಲಿಯಂ ಹಂಟರ್ ಮಾಡಿದ ಭಾಷಣದ ನಂತರ, ಮೈಯ ಅನೇಕ ರೋಗಗಳಿಗೆ ಬಾಯಿಯ ಸೋಂಕೇ ಮೂಲವೆಂಬ ನಂಬಿಕೆ ಬೆಳೆದು, ಉಳಿಸಬಹುದಾಗಿದ್ದ ಎಷ್ಟೋ ಹಲ್ಲುಗಳನ್ನು ಕಿತ್ತುಹಾಕಲಾಯಿತು. ಮೊದಲ ಮಹಾಯುದ್ಧ ಮುಗಿದ ಬೆನ್ನಲ್ಲೇ ಡೇಕಿನ್ ದ್ರಾವಣ ಬೇರಿನ ನಾಳಕ್ಕೂ ಬಂತು. 1941ರಲ್ಲಿ ಅಮೆರಿಕದ ಗ್ರಾಸ್‌ಮನ್ ಮತ್ತು ಮೈಮನ್ ಹಲ್ಲಿನ ತಿರುಳನ್ನು ಕರಗಿಸುವ ಅದರ ಶಕ್ತಿಯನ್ನು ಪರೀಕ್ಷಿಸಿ ತೋರಿಸಿದರು.

ರೋಗಾಣುವೇ ಮುಖ್ಯ ಶತ್ರು ಎಂಬುದು 1965ರಲ್ಲಿ ಖಚಿತವಾಯಿತು. ಅಮೆರಿಕದ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಹಲ್ಲು ಕೊರೆದು ತಿರುಳನ್ನು ತೆರೆದಿಟ್ಟರು. ಸಾಮಾನ್ಯ ಇಲಿಗಳ ತಿರುಳು ಕೊಳೆತು ಬೇರಿನ ತುದಿಯಲ್ಲಿ ಕೀವುಗಟ್ಟಿತು. ರೋಗಾಣುಮುಕ್ತವಾಗಿ ಸಾಕಿದ ಇಲಿಗಳಲ್ಲಿ, ತೂತಿನೊಳಗೆ ಆಹಾರ ತುಂಬಿಕೊಂಡಿದ್ದರೂ, ಗಾಯ ಮಾಯ್ದಿತು.

ಬೇರಿನ ನಾಳಕ್ಕೆ ಕವಲು, ಸಂದುಗಳು ಹಲವು. ನಾಳವನ್ನು ಕೆರೆದು ಸ್ವಚ್ಛಮಾಡುವ ಸಲಾಕೆ, ಅಂದರೆ ಫೈಲ್, ಎಲ್ಲ ಕಡೆ ಮುಟ್ಟುವುದಿಲ್ಲ. ಸ್ವೀಡನ್ನಿನ ಬಿಸ್ಟ್ರೋಮ್ ಮತ್ತು ಸುಂಡ್‌ಕ್ವಿಸ್ಟ್ 1981ರಲ್ಲಿ ಬರೀ ಉಪ್ಪುನೀರಿನಿಂದ ತೊಳೆದು ನೋಡಿದಾಗ, ಹಲವು ಸಲ ಮಾಡಿದರೂ ಕೆಲವು ಹಲ್ಲುಗಳಲ್ಲಿ ರೋಗಾಣು ಉಳಿದವು. 1983ರಲ್ಲಿ ಶೇ. 0.5ರ ಹೈಪೋಕ್ಲೋರೈಟ್ ಬಳಸಿದಾಗ ಫಲ ಸ್ಪಷ್ಟವಾಗಿ ಉತ್ತಮವಾಗಿತ್ತು. ಎರಡು ವರ್ಷದ ನಂತರದ ಅವರ ಇನ್ನೊಂದು ಅಧ್ಯಯನದಲ್ಲಿ ಶೇ. 5ರ ದ್ರಾವಣವೂ ಅದಕ್ಕಿಂತ ಹೆಚ್ಚೇನೂ ಸಾಧಿಸಲಿಲ್ಲ.

ಈ ಕೊನೆಯ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಸತ್ತದ್ದನ್ನು ಕರಗಿಸುವ ಪ್ರಬಲ ದ್ರಾವಣ ಜೀವಂತ ಮಾಂಸವನ್ನೂ ಸುಡುತ್ತದೆ. ಬೇರಿನ ತುದಿ ದಾಟಿ ಹೊರಚಿಮ್ಮಿದರೆ ತಕ್ಷಣ ತಡೆಯಲಾಗದ ನೋವು, ಕೆಲವೇ ನಿಮಿಷಗಳಲ್ಲಿ ಕೆನ್ನೆಯ ಊತ, ಚರ್ಮದಡಿ ರಕ್ತಸ್ರಾವ. ಅದಕ್ಕೇ ಪಕ್ಕದಲ್ಲಿ ತೂತಿರುವ ಸೂಜಿಗಳು ಬಂದವು. ಸೂಜಿಯನ್ನು ತುದಿಗಿಂತ ಹಿಂದೆಯೇ, ಸಿಕ್ಕಿಕೊಳ್ಳದಂತೆ ಹಿಡಿದು ಮೆಲ್ಲಗೆ ಒತ್ತುವ ರೂಢಿ ನೆಲೆಗೊಂಡಿತು.

ಇತ್ತೀಚೆಗೆ ಕೊನೆಯ ಹಂತದಲ್ಲಿ ಸುಮಾರು 2.5 ಡಿಗ್ರಿ ಸೆಲ್ಸಿಯಸ್‌ನ ತಣ್ಣನೆಯ ಉಪ್ಪುನೀರು ಹಾಯಿಸುವ ಪ್ರಯೋಗಗಳು ನಡೆದಿದ್ದು, ಚಿಕಿತ್ಸೆಯ ನಂತರದ ಮೊದಲ ದಿನಗಳ ನೋವು ಕಡಿಮೆಯಾದದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಸೋಂಕಿನಿಂದ ಕರಗಿದ ಮೂಳೆ ಮತ್ತೆ ತುಂಬಿಕೊಳ್ಳುವುದು ಬೇರೆಯೇ ಲೆಕ್ಕ: ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಪ್ಪು ಕಲೆ ಕರಗಲು ತಿಂಗಳುಗಳು, ಒಮ್ಮೊಮ್ಮೆ ವರ್ಷಗಳೇ ಹಿಡಿಯುತ್ತವೆ.