ಹೆಸರು ಬಿಟ್ಟುಕೊಟ್ಟ ಮೆಣಸು

ಓದುಗರೊಬ್ಬರ ಕಾಗದ ಬಂದಿದೆ. ಹಂಗೇರಿಯವರ ಕೋಳಿ ಅಡುಗೆ ‘ಪಾಪ್ರಿಕಾಶ್’ ಮಾಡಲು ಹೋದರಂತೆ. “ಪಾಪ್ರಿಕಾ ಅಂದ್ರೆ ಖಾರದಪುಡಿ ತಾನೇ ಅಂತ ಮೂರು ಚಮಚ ಹಾಕಿದೆ. ಮಕ್ಕಳು ಎರಡನೇ ತುತ್ತು ಮುಟ್ಟಲಿಲ್ಲ. ಈ ಪದಕ್ಕೆ ಕನ್ನಡದಲ್ಲಿ ಏನನ್ನಬೇಕು?”

ಅಮ್ಮಾ, ತಪ್ಪು ನಿಮ್ಮದಲ್ಲ. ಹಂಗೇರಿಯಲ್ಲಿ ಪಾಪ್ರಿಕಾ ಎಂದರೆ ಗಿಡವೂ ಹೌದು, ಹಸಿ ಕಾಯಿಯೂ ಹೌದು, ಪುಡಿಯೂ ಹೌದು, ದೊಣ್ಣೆಮೆಣಸಿನಕಾಯಿಯೂ ಅದೇ. ಸೆಗೆಡ್, ಕಲೊಚಾ ಸೀಮೆಯ ಪುಡಿಯಲ್ಲಿ ಖಾರದ್ದೂ ಉಂಟು. ಆದರೆ ಪಾಪ್ರಿಕಾಶ್‌ಗೆ ಚಮಚಗಟ್ಟಲೆ ಬೀಳುವುದು ಸಿಹಿ ಜಾತಿಯದು. ಬಣ್ಣ ಗಾಢ, ಉರಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನಮ್ಮಲ್ಲಿ ಅದಕ್ಕೆ ಹತ್ತಿರದ ನೆಂಟ ಬ್ಯಾಡಗಿ. ಅದರ ಬೀಜ ಉದುರಿಸಿ ಪುಡಿ ಮಾಡಿಕೊಂಡರೂ ಮೂರು ಚಮಚದ ಕಡೆ ಒಂದೂವರೆ ಸಾಕು.

ಪದದ ಮಾತಿಗೆ ಬರುತ್ತೇನೆ. ಮೆಣಸಿನಕಾಯಿ ಹೊಸದಾಗಿ ಬಂದಾಗ ಹಂಗೇರಿಯವರು ಅದನ್ನು ‘ತುರ್ಕರ ಮೆಣಸು’ ಎಂದರು. ಪಾಪ್ರಿಕಾ ಎಂಬ ಪದ ಆಮೇಲೆ ನೆರೆಯ ಸ್ಲಾವ್ ಜನರಿಂದ ಬಂತು. ಅದರ ಅರ್ಥವೂ ಪುಟ್ಟ ಮೆಣಸು ಎಂದೇ. ಅದರ ಬೇರು ಲ್ಯಾಟಿನ್, ಗ್ರೀಕ್ ದಾಟಿ ಕೊನೆಗೆ ಮುಟ್ಟುವುದು ನಮ್ಮ ಪಿಪ್ಪಲಿಯನ್ನು, ಅಂದರೆ ಗ್ರಂದಿಗೆ ಅಂಗಡಿಯಲ್ಲಿ ಕಷಾಯಕ್ಕೆಂದು ಕೊಡುವ ಹಿಪ್ಪಲಿಯನ್ನು. ಮೆಣಸಿನ ಬಳ್ಳಿಗೂ ಮೆಣಸಿನಕಾಯಿ ಗಿಡಕ್ಕೂ ಯಾವ ಸಂಬಂಧವೂ ಇಲ್ಲ. ನಾಲಿಗೆ ಮಾತ್ರ ಎರಡನ್ನೂ ಒಂದೇ ಮನೆಯವೆಂದು ಬಗೆಯಿತು.

ಕನ್ನಡವೂ ಹಾಗೆಯೇ ಮಾಡಿತು. ಪೋರ್ಚುಗೀಸರ ಕಾಲದಲ್ಲಿ ಬಂದ ಕಾಯಿಗೆ ಮೆಣಸಿನ ಹೆಸರು ಹೋಯಿತು. ಪಾಪ, ಮೂಲದ ಮೆಣಸು ತನ್ನ ಮನೆಯಲ್ಲೇ ಕರಿ, ಕಾಳು ಎಂದು ಗುರುತು ಹೇಳಿಕೊಳ್ಳಬೇಕಾಯಿತು. ಕರಾವಳಿಯಲ್ಲಿ ಅದು ಒಳ್ಳೆಮೆಣಸು. ತುಳುವಿನಲ್ಲೂ ಎಡ್ಡೆ ಮುಂಚಿ.

ಚಿಕ್ಕಂದಿನಲ್ಲಿ ಮಳೆಗಾಲದ ಒಂದು ಸಂಜೆ ಅಜ್ಜಿ ಒಳ್ಳೆಮೆಣಸು ತಾ ಎಂದರು. ನಾನು ನೋಡಿ ನೋಡಿ, ಮುರಿಯದ, ತೊಟ್ಟು ಗಟ್ಟಿಯಿದ್ದ ನಾಲ್ಕು ಕೆಂಪು ಮೆಣಸು ಆರಿಸಿ ತಂದೆ. ಅಜ್ಜಿ ಅವನ್ನು ಬದಿಗಿಟ್ಟು, ತಾವೇ ಎದ್ದು ಭರಣಿಯಿಂದ ಕಾಳು ತೆಗೆದು, ಒಂದನ್ನು ನನ್ನ ಅಂಗೈಯಲ್ಲಿಟ್ಟರು. ಸುಕ್ಕುಗಟ್ಟಿದ, ಹಗುರವಾದ ಕಾಳು. “ಹಾಗಾದ್ರೆ ಇದು ಕೆಟ್ಟ ಮೆಣಸಾ ಅಜ್ಜಿ?” ಎಂದು ಕೆಂಪು ಮೆಣಸು ತೋರಿಸಿದೆ. “ಕೆಟ್ಟದ್ದಲ್ಲ ಮಗಾ. ಅದು ಮತ್ತೆ ಬಂದದ್ದು. ಇದು ಮೊದಲಿನದ್ದು” ಎಂದರು. ಅಂದಿನಿಂದ ನನ್ನ ನಂಬಿಕೆ ಇದೇ: ಈ ‘ಒಳ್ಳೆ’ ಗುಣ ಹೇಳುವ ಮಾತಲ್ಲ, ಹಿರಿತನ ಹೇಳುವ ಮಾತು. ಒಳ್ಳೆಮೆಣಸು ಎಂದರೆ ನಿಜದ ಮೆಣಸು, ಮೊದಲಿನಿಂದ ಇದ್ದ ಮೆಣಸು. ಹಂಗೇರಿಯ ಗಾದೆಯೂ ಆ ಹಿರಿತನವನ್ನು ಉಳಿಸಿಕೊಂಡಿದೆ. “ಮೆಣಸು ಚಿಕ್ಕದು, ಆದರೆ ಜೋರು” ಎನ್ನುವಾಗ ಅವರು ಹೇಳುವುದು ಬೊರ್ಶ್, ಅಂದರೆ ಕಾಳುಮೆಣಸು. ಪಾಪ್ರಿಕಾ ಅಡುಗೆಮನೆಯನ್ನೆಲ್ಲ ಆಳಿದರೂ ಗಾದೆಯೊಳಗೆ ಕಾಲಿಡಲಿಲ್ಲ.

ನಮ್ಮಲ್ಲಾದರೋ ಮೆಣಸಿನ ಸಾರು ‘ಪೆಪ್ಪರ್ ರಸಂ’ ಆಗಿ ಕೂತಿದೆ. ಖಾರದಪುಡಿಗೆ ‘ಚಿಲ್ಲಿ ಪೌಡರ್’. ಮೆಣಸು ಕೊಡಿ ಎಂದರೆ ಅಂಗಡಿಯ ಹುಡುಗ ಕೈಯನ್ನು ಎತ್ತ ಚಾಚಬೇಕೆಂದು ತಿಳಿಯದೆ ನಿಲ್ಲುತ್ತಾನೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಇನ್ನು ಅಡುಗೆ. ಎರಡು ಈರುಳ್ಳಿ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಮೆತ್ತಗಾಗುವ ತನಕ ಬಾಡಿಸಿ. ಅವರು ಹಂದಿಯ ಕೊಬ್ಬಿನಲ್ಲಿ ಬಾಡಿಸುತ್ತಾರೆ. ಒಲೆ ಆರಿಸಿ, ಆಮೇಲೆ ಪುಡಿ ಹಾಕಿ. ಪುಡಿಯಲ್ಲಿ ಸಕ್ಕರೆಯ ಅಂಶವಿದೆ. ಉರಿಯ ಮೇಲೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ಬಿಸಿ ಎಣ್ಣೆ ತಾನೇ ಕೆಂಪು ಬಿಡುವುದನ್ನು ನಿಂತು ನೋಡಿ. ಕೋಳಿ, ಉಪ್ಪು, ಅರ್ಧ ಲೋಟ ನೀರು ಹಾಕಿ, ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಓವನ್ ಇದ್ದರೆ ಪಾತ್ರೆ ಮುಚ್ಚಿ ಅದರಲ್ಲೇ ಇಡಬಹುದು. ಅವರ ಹುಳಿಕೆನೆ ಸಿಗದಿದ್ದರೆ ಗಟ್ಟಿ ಮೊಸರಿಗೆ ಒಂದು ಚಮಚ ಮೈದಾ ಕದಡಿ, ಕೊನೆಯಲ್ಲಿ ಬೆರೆಸಿ, ಕುದಿ ಹತ್ತುವ ಮೊದಲೇ ಇಳಿಸಿ. ಅವರು ಮೈದಾ, ಮೊಟ್ಟೆ ಕಲಸಿ ಕುದಿನೀರಿಗೆ ಚೂರುಚೂರಾಗಿ ಬಿಟ್ಟ ನೊಕೆಡ್ಲಿ ಜತೆ ತಿನ್ನುತ್ತಾರೆ. ಅನ್ನಕ್ಕೂ ಚೆನ್ನ.

ಪಾಪ್ರಿಕಾಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದ್ದಿರಿ. ‘ಬಣ್ಣದ ಮೆಣಸಿನಪುಡಿ’ ಎಂದು ಡಬ್ಬಿಯ ಮೇಲೆ ಬರೆದು ಅಂಟಿಸಿ, ಖಾರದಪುಡಿಯ ಡಬ್ಬಿಯಿಂದ ದೂರ ಇಡಿ.